ಸದ್ದಿಲ್ಲದ ಬ್ಯಾಟ್: ಮುಂಬಯಿಯ ವಿಶ್ವ ಟೇಬಲ್ ಟೆನಿಸ್, 1952

ಹತ್ತೊಂಬತ್ತನೆಯ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಶಿಪ್ 1952ರ ಫೆಬ್ರವರಿ 1ರಿಂದ 10ರವರೆಗೆ ಮುಂಬಯಿಯಲ್ಲಿ ನಡೆಯಿತು. 1926ರಲ್ಲಿ ಲಂಡನ್ನಿನಲ್ಲಿ ಶುರುವಾದ ಈ ಪಂದ್ಯಾವಳಿ, 1939ರಲ್ಲಿ ಒಮ್ಮೆ ಕೈರೋಗೆ ಹೋದದ್ದನ್ನು ಬಿಟ್ಟರೆ, ಅಲ್ಲಿಯವರೆಗೂ ಯುರೋಪಿನ ನಗರಗಳಲ್ಲೇ ಸುತ್ತುತ್ತಿತ್ತು. ಏಷ್ಯಾಕ್ಕೆ ಬಂದದ್ದು ಅದೇ ಮೊದಲು. ಅಂತರರಾಷ್ಟ್ರೀಯ ಫೆಡರೇಷನ್ನಿನ ಸ್ಥಾಪಕ ಸದಸ್ಯರಲ್ಲಿ ಭಾರತವೂ ಇತ್ತು. ಲಂಡನ್ನಿನ ಮೊದಲ ಸ್ಪರ್ಧೆಯಲ್ಲೂ ಭಾರತದ ತಂಡ ಆಡಿತ್ತು. ಹಾಗಾಗಿ ಆತಿಥ್ಯ ಮುಂಬಯಿಗೆ ಬಂದದ್ದು ಸಲ್ಲಬೇಕಾದ ಗೌರವವೇ.

ಆಗ ಈ ಆಟದ ದೊಡ್ಡ ಹೆಸರುಗಳೆಲ್ಲ ಯುರೋಪಿನವು. ಪುರುಷರ ಸಿಂಗಲ್ಸ್ ಪಟ್ಟ ಇಂಗ್ಲೆಂಡಿನ ಜಾನಿ ಲೀಚ್ ಅವರ ಕೈಯಲ್ಲಿತ್ತು. ಮಹಿಳೆಯರಲ್ಲಿ ರುಮೇನಿಯಾದ ಆಂಜೆಲಿಕಾ ರೊಜೆಯಾನು ಸೋಲೇ ಕಾಣದಂತಿದ್ದರು; ಮುಂಬಯಿಯಲ್ಲೂ ಹಂಗೆರಿಯ ಗಿಜಿ ಫರ್ಕಾಶ್ ಅವರನ್ನು ಫೈನಲ್‌ನಲ್ಲಿ ಸೋಲಿಸಿದ ಅವರು 1950ರಿಂದ 1955ರವರೆಗೆ ಸತತ ಆರು ವರ್ಷ ವಿಶ್ವ ಚಾಂಪಿಯನ್ ಆಗಿ ಉಳಿದರು. ಪುರುಷರ ತಂಡ ವಿಭಾಗದ ಸ್ವೇತ್ಲಿಂಗ್ ಕಪ್ ಹಂಗೆರಿಗೆ ಹೋಯಿತು. ಇಷ್ಟರಮಟ್ಟಿಗೆ ಎಲ್ಲವೂ ನಿರೀಕ್ಷಿಸಿದಂತೆಯೇ ಇತ್ತು.

ನಿರೀಕ್ಷೆಯನ್ನು ಮುರಿದದ್ದು ವಿಶ್ವ ಚಾಂಪಿಯನ್‌ಶಿಪ್‌ಗೆ ಮೊದಲ ಬಾರಿ ಬಂದಿದ್ದ ಜಪಾನ್. ಅದರ ತಂಡದಲ್ಲಿದ್ದ ಕನ್ನಡಕಧಾರಿ ಹಿರೋಜಿ ಸಾತೊ ತಮ್ಮ ದೇಶದಲ್ಲೂ ಅಗ್ರಗಣ್ಯರೆಂದು ಹೆಸರಾದವರಲ್ಲ. ಉಳಿದವರ ಬ್ಯಾಟ್‌ಗೆ ಸಣ್ಣ ಮುಳ್ಳುಗಳ ರಬ್ಬರ್ ಅಂಟಿಸಿದ್ದರೆ, ಅವರ ಬ್ಯಾಟ್‌ಗಿದ್ದದ್ದು ದಪ್ಪ ಸ್ಪಂಜು. ಆ ಕಾಲದ ಆಟಗಾರರು ಕಣ್ಣಿನಷ್ಟೇ ಕಿವಿಯನ್ನೂ ನಂಬುತ್ತಿದ್ದರು: ರಬ್ಬರಿಗೆ ಚೆಂಡು ತಾಗುವ ಟಕ್ ಸದ್ದಿನಿಂದ ಎದುರಾಳಿಯ ಹೊಡೆತದ ಬಲ ತಿಳಿಯುತ್ತಿತ್ತು. ಸ್ಪಂಜಿನಲ್ಲಿ ಆ ಸದ್ದೇ ಇಲ್ಲ. ಮೇಲಾಗಿ ಅದು ಚೆಂಡನ್ನು ಒಳಗೆಳೆದುಕೊಂಡು ಚಿಮ್ಮಿಸುತ್ತಿದ್ದುದರಿಂದ ವೇಗವನ್ನಾಗಲಿ ತಿರುವನ್ನಾಗಲಿ ಊಹಿಸುವುದು ಕಷ್ಟವಾಗುತ್ತಿತ್ತು. ಅಮೆರಿಕದ ಹೆಸರಾಂತ ಆಟಗಾರ ಮಾರ್ಟಿ ರೈಸ್ಮನ್ ಕೂಡ ಸಾತೊ ಎದುರು ಸೋತರು. ಫೈನಲ್‌ನಲ್ಲಿ ಹಂಗೆರಿಯ ಯೋಜೆಫ್ ಕೋಟ್ಸಿಯಾನ್ ಅವರನ್ನು ಮಣಿಸಿದ ಸಾತೊ ವಿಶ್ವ ಚಾಂಪಿಯನ್ ಆದರು. ಬ್ಯಾಟ್‌ಗೆ ಏನನ್ನು ಅಂಟಿಸಬೇಕು, ಎಷ್ಟು ದಪ್ಪ ಇರಬೇಕು ಎಂಬ ಕಟ್ಟಳೆ ಆಗ ಇರಲಿಲ್ಲವಾದ್ದರಿಂದ ಈ ಗೆಲುವು ಪೂರ್ತಿ ನಿಯಮಬದ್ಧ.

ಜಪಾನ್ ಗೆದ್ದದ್ದೆಲ್ಲ ಸ್ಪಂಜಿನ ಮಹಿಮೆ ಎಂದುಬಿಡುವುದು ಅನ್ಯಾಯ. ಫುಜಿ ಮತ್ತು ಹಯಾಶಿ ಪುರುಷರ ಡಬಲ್ಸ್ ಗೆದ್ದರು. ನರಹರಾ ಮತ್ತು ನಿಶಿಮುರಾ ಮಹಿಳೆಯರ ಡಬಲ್ಸ್ ಗೆದ್ದರು. ಮಹಿಳಾ ತಂಡದ ಕಾರ್ಬಿಯಾನ್ ಕಪ್ ಕೂಡ ಜಪಾನಿಗೇ ಬಂತು. ಏಳು ಪ್ರಶಸ್ತಿಗಳಲ್ಲಿ ನಾಲ್ಕು! ಸಾತೊ ಒಬ್ಬರ ಬ್ಯಾಟ್ ಇಷ್ಟನ್ನೂ ಗೆದ್ದುಕೊಡಲಾರದು.

ಆದರೂ ಆಟವನ್ನು ಬದಲಿಸಿದ್ದು ಆ ಬ್ಯಾಟೇ. 1954ರಿಂದ 1957ರವರೆಗೆ ಪುರುಷರ ಸಿಂಗಲ್ಸ್ ಪಟ್ಟ ಜಪಾನಿನ ಇಚಿರೊ ಒಗಿಮುರಾ ಮತ್ತು ತೊಶಿಯಾಕಿ ತನಾಕಾ ಅವರ ನಡುವೆಯೇ ಉಳಿಯಿತು. ಸ್ಪಂಜನ್ನು ನಿಷೇಧಿಸಬೇಕೇ ಬೇಡವೇ ಎಂಬ ವಾದ ವರ್ಷಗಟ್ಟಲೆ ಎಳೆದಾಡಿ, 1959ರಲ್ಲಿ ಫೆಡರೇಷನ್ ಬರಿಯ ಸ್ಪಂಜನ್ನು ಕೈಬಿಟ್ಟಿತು. ಮೇಲೆ ರಬ್ಬರ್ ಹೊದಿಸಿದ ಸ್ಪಂಜಿಗೆ ಒಟ್ಟು 4 ಮಿಲಿಮೀಟರ್ ದಪ್ಪದ ಮಿತಿಯಲ್ಲಿ ಒಪ್ಪಿಗೆ ಕೊಟ್ಟಿತು. ಇಂದಿನ ಬ್ಯಾಟ್‌ಗಳೂ ಅದೇ ತತ್ವದವು.

ಆತಿಥೇಯ ಭಾರತಕ್ಕೂ ಅದು ನೆನಪಿನ ವರ್ಷ: ಮುಂಬಯಿಯ ಪಾರ್ಸಿ ಆಟಗಾರ್ತಿ ಗೂಲ್ ನಾಸಿಕ್‌ವಾಲಾ ಅದೇ 1952ರಲ್ಲಿ ಸಿಂಗಪುರದ ಮೊದಲ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಮೂರರಲ್ಲೂ ಚಿನ್ನ ಗೆದ್ದರು. ಇಂದು ಅವರನ್ನು ನೆನೆಯುವವರು ಕಡಿಮೆಯಾಗಿರುವುದು ಖೇದದ ಸಂಗತಿ. ಮುಂಬಯಿಯ ನಂತರ ವಿಶ್ವ ಚಾಂಪಿಯನ್‌ಶಿಪ್ ಭಾರತಕ್ಕೆ ಮರಳಿ, 1975ರಲ್ಲಿ ಕಲ್ಕತ್ತೆಗೆ, 1987ರಲ್ಲಿ ದೆಹಲಿಗೆ ಬಂತು.