ಅರ್ಧ ಮಿಲಿಮೀಟರಿನ ವಕ್ರತೆ

ಗುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ತಪ್ಪಿಲ್ಲದೆ ಬರೆಯಲಾಗದೆಂಬುದನ್ನು ಮೂಸಂಬಿಯ ಸಿಪ್ಪೆ ಸುಲಿದು ತೋರಿಸುತ್ತಿದ್ದುದು ನನ್ನ ವಿದ್ಯಾರ್ಥಿಗಳಲ್ಲಿ ಹಲವರಿಗೆ ನೆನಪಿರಬಹುದು. ಒಮ್ಮೆ ಹತ್ತನೆಯ ತರಗತಿಯ ಹುಡುಗನೊಬ್ಬ, ನಮ್ಮ ಮಧುವನಹಳ್ಳಿಯವನೇ, ಕೊಳ್ಳೇಗಾಲ ಭಾಗದ ಸರ್ವೆ ನಕ್ಷೆಯನ್ನು ಸ್ಕೇಲಿನಿಂದ ಅಳೆದು, "ಮೇಲಂಚೂ ಕೆಳಂಚೂ ಒಂದೇ ಇದೆ ಸಾರ್, ತಪ್ಪೆಲ್ಲಿದೆ?" ಎಂದು ಕೇಳಿದ. ನಾನು ಪಠ್ಯಪುಸ್ತಕದ ವಾಕ್ಯವನ್ನೇ ಮತ್ತೊಮ್ಮೆ ಹೇಳಿ ಅವನನ್ನು ಕೂರಿಸಿದೆ. ಅದು ಉತ್ತರವಾಗಿರಲಿಲ್ಲವೆಂಬುದು ಆಗಲೇ ನನಗೆ ಗೊತ್ತಿತ್ತು. ಲೆಕ್ಕ ಹಾಕಿ ನೋಡಲು ನಿವೃತ್ತಿಯವರೆಗೆ ಬಿಡುವಾಗಲಿಲ್ಲ ಎನ್ನುವುದು ನೆಪವಷ್ಟೆ.

ನಮ್ಮ ಊರು ಬರುವ ನಕ್ಷೆಯ ಸಂಖ್ಯೆ 57 ಎಚ್/4. ಉದ್ದಗಲ ಎರಡೂ ಕಾಲು ಡಿಗ್ರಿ. ಉತ್ತರಕ್ಕೆ ಸರಿದಂತೆ ರೇಖಾಂಶಗಳು ಹತ್ತಿರವಾಗುವುದರಿಂದ, ನೆಲದ ಮೇಲೆ ಅದರ ಉತ್ತರದ ಅಂಚು ದಕ್ಷಿಣದ ಅಂಚಿಗಿಂತ ಸುಮಾರು 26 ಮೀಟರ್ ಕಿರಿದು. 1:50,000 ಪ್ರಮಾಣದ ಹಾಳೆಯಲ್ಲಿ ಇದು 54 ಸೆಂ.ಮೀ.ಗೆ ಅರ್ಧ ಮಿಲಿಮೀಟರ್ ಮಾತ್ರ! ಮಳೆಗಾಲದ ತೇವಕ್ಕೆ ಕಾಗದವೇ ಅಷ್ಟು ಹಿಗ್ಗೀತು. ಹುಡುಗನ ಅಳತೆಯೂ ಸರಿ, ನನ್ನ ವಾಕ್ಯವೂ ಸರಿ.

ಈ ಸಣ್ಣ ವ್ಯತ್ಯಾಸವನ್ನು ಎಲ್ಲಿ ಲೆಕ್ಕಕ್ಕೆ ಹಿಡಿಯಬೇಕು, ಎಲ್ಲಿ ಬಿಡಬಹುದು ಎಂಬ ಪ್ರಶ್ನೆ ನಮ್ಮ ನಾಡಿನ ನೆಲದ ಮೇಲೆಯೇ ಎದ್ದಿತ್ತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಏಳು ಮೈಲಿಗೂ ಮಿಕ್ಕ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಇನ್ನೊಂದನ್ನು ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಬಲೆ ಹೆಣೆಯತೊಡಗಿದನು. (ಆಗ ನಮ್ಮ ಕೊಳ್ಳೇಗಾಲ ಮೈಸೂರಿನದಲ್ಲ, 1956ರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು.) ವಕ್ರವಾದ ನೆಲದ ಮೇಲಿನ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿಯನ್ನು ಮೀರುತ್ತದೆ. ಪ್ರತಿ 197 ಚದರ ಕಿ.ಮೀ.ಗೆ ಒಂದು ಸೆಕೆಂಡಿನಷ್ಟು, ಅಂದರೆ ಡಿಗ್ರಿಯ 3,600ನೆಯ ಒಂದು ಭಾಗದಷ್ಟು, ಹೆಚ್ಚಳ. ಫ್ರಾನ್ಸಿನ ಲೆಜೆಂಡ್ರ್ 1787ರಲ್ಲೇ ಇದಕ್ಕೊಂದು ಸುಲಭೋಪಾಯ ಕೊಟ್ಟಿದ್ದನು: ಹೆಚ್ಚಳದ ಮೂರನೆಯ ಒಂದು ಭಾಗವನ್ನು ಪ್ರತಿ ಕೋನದಿಂದ ಕಳೆಯಿರಿ, ಆಮೇಲೆ ಅದನ್ನು ಚಪ್ಪಟೆ ತ್ರಿಕೋನವೆಂದೇ ಬಿಡಿಸಿರಿ. ಸಣ್ಣ ತ್ರಿಕೋನಕ್ಕೆ ಉತ್ತರದಲ್ಲಿ ಉಳಿಯುವ ತಪ್ಪು ನಗಣ್ಯ. ಲಾಗರಿದಮ್ ಕೋಷ್ಟಕ ತಿರುವಿ ಲೆಕ್ಕ ಮಾಡುತ್ತಿದ್ದ ಗುಮಾಸ್ತರಿಗೆ ಇದೆಷ್ಟು ಉಪಕಾರವೆಂಬುದನ್ನು ಆ ಕೋಷ್ಟಕ ಬಳಸಿದ ನಮ್ಮ ತಲೆಮಾರಿನವರು ಬಲ್ಲರು.

ಇದೇ ಉಪಾಯ ಇಂದು ಆಕಾಶಕ್ಕೆ ಏರಿದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಿಂದಲೇ ನಡೆಸುತ್ತಾರೆ. ಆಕಾಶ ಬೋಗುಣಿಯಂತೆ ಬಾಗಿದೆ, ಕ್ಯಾಮೆರಾದ ಫಲಕ ಚಪ್ಪಟೆ. ಹಲವು ರಾತ್ರಿಗಳ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಬೇಕಾದರೆ ಒಂದರ ಪ್ರತಿ ಚುಕ್ಕೆಯನ್ನೂ ಆಕಾಶಕ್ಕೆ ಏರಿಸಿ ಮತ್ತೊಂದರ ಮೇಲೆ ಇಳಿಸಬೇಕು. ಚಿತ್ರದ ಒಂದೊಂದು ಬದಿಗೆ 2,048 ಚುಕ್ಕೆಗಳಿದ್ದರೆ ಒಟ್ಟು ಸುಮಾರು 42 ಲಕ್ಷ. ಅಷ್ಟು ಸಲವೂ ಸೈನ್, ಕೊಸೈನ್! ಆದ್ದರಿಂದ 64 ಚುಕ್ಕೆಗಳಿಗೊಂದು ಗೂಟ ನೆಟ್ಟಂತೆ 1,089 ಕಡೆ ಮಾತ್ರ ನಿಖರ ಲೆಕ್ಕ ಮಾಡಿ, ನಡುವಿನದನ್ನು ಸರಳ ಅನುಪಾತದಿಂದ ತುಂಬಬಹುದು. ಸಾಲುಗೂಟದ ನಡುವೆ ದಾರ ಎಳೆದು ಬದು ಹಾಕುವ ನಮ್ಮ ರೈತನ ಕ್ರಮವೇ ಇದು. ಗೂಟಗಳ ನಡುವೆ ಒಮ್ಮೆ ನಿಖರವಾಗಿ ಲೆಕ್ಕ ಹಾಕಿ, ವ್ಯತ್ಯಾಸ ಹೆಚ್ಚಾದರೆ ಗೂಟಗಳನ್ನು ಹತ್ತಿರ ತರಬೇಕು. ಫ್ರಾನ್ಸಿನ ಎಮಾನ್ಯುಯೆಲ್ ಬೆರ್ತಾಂ ಬರೆದ ಸ್ವಾರ್ಪ್ ಎಂಬ ತಂತ್ರಾಂಶವು ಒಂದು ಚುಕ್ಕೆಯ ಸಹಸ್ರಾಂಶದಷ್ಟು ತಪ್ಪನ್ನು ಮಾತ್ರ ಒಪ್ಪುತ್ತದೆ. ಬಯಸಿದವರು ಸೊನ್ನೆ ಎಂದು ನಮೂದಿಸಿ ಪೂರ್ತಿ ಲೆಕ್ಕವನ್ನೇ ಮಾಡಿಸಿಕೊಳ್ಳಬಹುದು.

ಆಕಾಶವನ್ನೆಲ್ಲ ಒಂದೇ ಹಾಳೆಗೆ ಇಳಿಸಹೊರಟರೆ ಈ ದಾರಗಳು ದಾರಿ ತಪ್ಪಿಸುತ್ತವೆ. ಗ್ರೀನ್‌ಲ್ಯಾಂಡನ್ನು ಆಫ್ರಿಕಾದಷ್ಟು ಹಿಗ್ಗಿಸುವ ಮರ್ಕೇಟರನ ಪಟವನ್ನು ನೀವೆಲ್ಲ ತರಗತಿಯ ಗೋಡೆಯ ಮೇಲೆ ನೋಡಿದ್ದೀರಿ.

ಆ ಹುಡುಗ ಈಗ ಯಾವ ಊರಿನಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ ತಿಳಿಯಪ್ಪಾ, ನೀನು ಹಿಡಿದಿದ್ದ ಸ್ಕೇಲಿನ ಅತಿ ಸಣ್ಣ ಗೆರೆ ಒಂದು ಮಿಲಿಮೀಟರ್. ಹುಡುಕಬೇಕಾಗಿದ್ದುದು ಅದರ ಅರ್ಧ. ಇಷ್ಟನ್ನು ನಾನು ಅಂದೇ ಹೇಳಬೇಕಿತ್ತು.