ಉರುವಲು ಮತ್ತು ವಾಯುಗುಣ: ಒಂದು ಶಾಸ್ತ್ರವು ನಡೆದುಬಂದ ದಾರಿ

ಬೆಂಗಳೂರು ದಂಡುಪ್ರದೇಶದ ಈಶಾನ್ಯದಲ್ಲಿ, ಕಾಕ್ಸ್‌ಟೌನಿಗೂ ಹೆಣ್ಣೂರಿಗೂ ನಡುವೆ ಇರುವ ಲಿಂಗರಾಜಪುರದ ನಿವಾಸಿಗಳಿಗೆ, ಭೂಮಿಯ ವಾಯುಗುಣವು ಮಾರ್ಪಡುತ್ತಿದೆಯೆಂಬ ಮಾತು ಈಗ ದೂರದ ಹಿಮಖಂಡಗಳ ವಾರ್ತೆಯಾಗಿ ಉಳಿದಿಲ್ಲ. 2016ರ ಏಪ್ರಿಲ್ 24ರಂದು ನಗರದ ಉಷ್ಣತೆಯು 39.2 ಡಿಗ್ರಿ ಸೆಲ್ಸಿಯಸ್ಸಿಗೆ ಏರಿತು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ದಾರಿ ಕಾಯಬೇಕಾಯಿತು. 2025ರ ಮೇ ತಿಂಗಳಿನಲ್ಲಾದರೋ ನೆರೆಯ ಹೊರಮಾವಿನ ಸಾಯಿ ಬಡಾವಣೆಯ ಮನೆಗಳಿಗೆ ಮಳೆಯ ನೀರು ನುಗ್ಗಿತು. ಇವುಗಳಲ್ಲಿ ಎಷ್ಟು ಭಾಗ ಭೂಮಿಯ ತಾಪವೃದ್ಧಿಯ ಫಲ, ಎಷ್ಟು ಭಾಗ ನಗರದ ಸ್ವಯಂಕೃತಾಪರಾಧ ಎಂಬುದನ್ನು ವಿವೇಚಿಸಬಲ್ಲ ಶಾಸ್ತ್ರವೊಂದು ಸುಮಾರು ಇನ್ನೂರು ವರ್ಷಗಳಿಂದ ಬೆಳೆದುಬಂದಿದೆ. ಆ ಬೆಳವಣಿಗೆಯಲ್ಲಿ ಕನ್ನಡ ನಾಡಿನ ಪಾಲೂ ಅಲ್ಪವಾದುದಲ್ಲ.

ಮನುಷ್ಯನ ಕೃತ್ಯದಿಂದ ಹವೆಯು ಕೆಡಬಹುದೆಂಬ ಶಂಕೆಯು ಮೊದಲು ಹುಟ್ಟಿದ್ದು ಕಲ್ಲಿದ್ದಲಿನ ವಿಚಾರದಲ್ಲಲ್ಲ, ಕಾಡಿನ ವಿಚಾರದಲ್ಲಿ. 1840ರ ದಶಕದಲ್ಲಿ ಶಿವಮೊಗ್ಗದ ಸೀಮೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನನು, ಮಲೆನಾಡಿನ ಅರಣ್ಯನಾಶವನ್ನು ಕಣ್ಣಾರೆ ಕಂಡು, ಉಷ್ಣವಲಯದ ಕಾಡುಗಳ ನಾಶದಿಂದ ಒದಗಬಹುದಾದ ಆರ್ಥಿಕ ಮತ್ತು ಭೌತಿಕ ಪರಿಣಾಮಗಳನ್ನು ಕುರಿತ ವರದಿಯೊಂದನ್ನು ಸಹೋದ್ಯೋಗಿಗಳೊಡನೆ 1851ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘಕ್ಕೆ ಒಪ್ಪಿಸಿದನು. ಜೋಲಾರಪೇಟೆಯಿಂದ ದಂಡುಪ್ರದೇಶಕ್ಕೆ 1864ರಲ್ಲಿ ರೈಲು ಬಂದಾಗ, ಉಗಿಯಂತ್ರದ ಸೌದೆಯ ಹಸಿವು ಈ ಶಂಕೆಗೆ ಇನ್ನಷ್ಟು ಬಲವನ್ನು ಕೊಟ್ಟಿತು.

ಅಷ್ಟರಲ್ಲಿ ಪಾಶ್ಚಾತ್ಯ ಪ್ರಯೋಗಶಾಲೆಗಳಲ್ಲಿ ಮೂಲಕಾರಣದ ಶೋಧನೆಯು ಆರಂಭವಾಗಿತ್ತು. ವಾಯುಮಂಡಲವು ಭೂಮಿಯ ಶಾಖವನ್ನು ತಡೆದಿರಿಸುತ್ತದೆಯೆಂದು ಫ್ರಾನ್ಸಿನ ಫೂರ್ಯೇ 1824ರಲ್ಲಿ ತರ್ಕಿಸಿದನು. ಇಂಗಾಲದ ಡೈಆಕ್ಸೈಡು ತುಂಬಿದ ಗಾಜಿನ ಕೊಳವೆಯು ಬಿಸಿಲಿನಲ್ಲಿ ಅಧಿಕವಾಗಿ ಕಾದು, ನಿಧಾನವಾಗಿ ತಣಿಯುವುದನ್ನು ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆಯು 1856ರಲ್ಲಿ ತೋರಿಸಿದಳು. ಭೌತವಿಜ್ಞಾನಿ ಟಿಂಡಾಲನು 1859ರಲ್ಲಿ ಈ ಶಾಖಗ್ರಹಣವನ್ನು ಅಳೆಯತೊಡಗಿದನು. ಈ ಅನಿಲವು ಇಮ್ಮಡಿಯಾದರೆ ಭೂಮಿಯ ಉಷ್ಣತೆಯು ಐದಾರು ಡಿಗ್ರಿ ಏರುವುದೆಂದು ಸ್ವೀಡನ್ನಿನ ಆರ್ಹೇನಿಯಸನು 1896ರಲ್ಲಿ ಗಣಿಸಿದನು. ಆದರೆ ಗಣಿತಕ್ಕೆ ಸಾಕ್ಷ್ಯವು ದೊರೆತದ್ದು 1958ರಲ್ಲಿ ಚಾರ್ಲ್ಸ್ ಕೀಲಿಂಗನು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ನಿರಂತರ ಮಾಪನವನ್ನು ತೊಡಗಿದ ಮೇಲೆ. ಅಂದು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಈ ಅನಿಲವು ಇಂದು 420ನ್ನು ಮೀರಿದೆ.

ಇದೇ ಅವಧಿಯಲ್ಲಿ ನಮ್ಮ ನಾಡಿನ ಇಂಧನದ ಇತಿಹಾಸವು ಬೇರೊಂದು ಮಾರ್ಗದಲ್ಲಿ ಸಾಗುತ್ತಿತ್ತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ಬೆಳಕನ್ನು ಕಂಡವು. ಜೋಗ ಮತ್ತು ಶರಾವತಿಯ ಯೋಜನೆಗಳ ಬಲದಿಂದ, ರಾಜ್ಯದ ವಿದ್ಯುತ್ತು ದಶಕಗಳ ಕಾಲ ಬಹುಮಟ್ಟಿಗೆ ನೀರಿನದೇ ಆಗಿತ್ತು. ಮಳೆ ತಪ್ಪಿದ ವರ್ಷ ಜಲಾಶಯವು ಬರಿದಾಗಿ, ವಿದ್ಯುತ್ ಕಡಿತವು ಅನಿವಾರ್ಯವಾಗುತ್ತಿದ್ದುದರಿಂದ, 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕವು ಕಾರ್ಯಾರಂಭ ಮಾಡಿತು. ಮುಂಗಾರಿನ ಚಾಂಚಲ್ಯದಿಂದ ಪಾರಾಗಲು ನಾವು ಆಶ್ರಯಿಸಿದ ಕಲ್ಲಿದ್ದಲು, ತನ್ನ ಹೊಗೆಯಿಂದ ಆ ಮುಂಗಾರನ್ನೇ ಮತ್ತಷ್ಟು ಚಂಚಲಗೊಳಿಸುವುದೆಂಬುದು ಅಂದು ಯೋಜಕರ ಲೆಕ್ಕದಲ್ಲಿ ಇರಲಿಲ್ಲ.

ಆ ಲೆಕ್ಕವನ್ನು ಮಾಡಬಲ್ಲ ವಿದ್ವತ್ತು ಈ ನಗರದಲ್ಲಿಯೇ ರೂಪುಗೊಳ್ಳುತ್ತಿತ್ತು. ಭಾರತೀಯ ವಿಜ್ಞಾನ ಮಂದಿರದಲ್ಲಿ ಓದಿ ಅಮೆರಿಕಕ್ಕೆ ಹೋದ ವೀರಭದ್ರನ್ ರಾಮನಾಥನ್, ಶೀತಕಯಂತ್ರಗಳಲ್ಲಿ ಬಳಸುವ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಇಂಗಾಲದ ಡೈಆಕ್ಸೈಡಿಗಿಂತ, ಅಣುವಿಗೆ ಅಣುವಿನಂತೆ, ಸಾವಿರಾರು ಪಾಲು ಪ್ರಬಲವಾಗಿ ಭೂಮಿಯನ್ನು ಬಿಸಿಮಾಡುವುದನ್ನು 1975ರಲ್ಲಿ ತೋರಿಸಿದರು. 1999ರ ಹಿಂದೂ ಮಹಾಸಾಗರದ ಮಹಾಪ್ರಯೋಗದ ನಾಯಕರಲ್ಲೊಬ್ಬರಾಗಿ, ದಹನದ ಮಸಿಕಣಗಳು ಕಡಲ ಮೇಲೆ ಕಂದು ಮೋಡವಾಗಿ ಹಬ್ಬಿ ಬಿಸಿಲನ್ನು ತಡೆಯುವುದನ್ನು ಪ್ರಕಟಪಡಿಸಿದರು. 1982ರಲ್ಲಿ ವಿಜ್ಞಾನ ಮಂದಿರದಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿ ಸುಲೋಚನಾ ಗಾಡ್ಗೀಳರು ಮುಂಗಾರಿನ ಏರುಪೇರನ್ನು ರೈತನ ಬಿತ್ತನೆಯ ಕಾಲದೊಡನೆ ಕೂಡಿಸಿ ಅಭ್ಯಸಿಸಿದರು. 2009ರಲ್ಲಿ ವಾಯುಗುಣ ಬದಲಾವಣೆಗೆಂದೇ ದಿವೇಚಾ ಕೇಂದ್ರವು ಅಲ್ಲಿ ಆರಂಭವಾಯಿತು.

ಆದರೆ ಕರ್ನಾಟಕವು ಈ ಕ್ಷೇತ್ರಕ್ಕೆ ಸಲ್ಲಿಸಿದ ಅತ್ಯಂತ ಮೌಲಿಕವಾದ ಕಾಣಿಕೆಯು, ನನ್ನ ಅಭಿಪ್ರಾಯದಲ್ಲಿ, ಅಮೂಲ್ಯ ರೆಡ್ಡಿಯವರ ವಿಚಾರಸರಣಿ. 1974ರಲ್ಲಿ ವಿಜ್ಞಾನ ಮಂದಿರದಲ್ಲಿ ಅವರು ಸ್ಥಾಪಿಸಿದ ‘ಅಸ್ತ್ರ’ ಕೇಂದ್ರದಿಂದ ಹೊಗೆ ಕಡಿಮೆಯ ಅಸ್ತ್ರ ಒಲೆಯು ಹಳ್ಳಿಯ ಅಡುಗೆಮನೆಗಳಿಗೆ ಬಂದಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದಲ್ಲಿ ಸಗಣಿಯ ಅನಿಲದಿಂದ ದೀಪವೂ ಕುಡಿಯುವ ನೀರೂ ದೊರೆತವು. ಜನರಿಗೆ ಬೇಕಾದುದು ಕಲ್ಲಿದ್ದಲೂ ಅಲ್ಲ, ವಿದ್ಯುತ್ತಿನ ಯೂನಿಟ್ಟೂ ಅಲ್ಲ, ಬೆಂದ ಅನ್ನ, ಬೆಳಕು, ನೀರು, ಸಂಚಾರ ಎಂಬ ಸೇವೆಗಳು ಮಾತ್ರ ಎಂದು ಅವರು ವಾದಿಸಿದರು. ಈ ಸೂತ್ರದಿಂದ ರಾಜ್ಯದ ಬೇಡಿಕೆಯನ್ನು ಗಣಿಸಿದಾಗ, ಅಧಿಕೃತ ಯೋಜನೆಯು ಹೇಳಿದುದರ ಅರ್ಧಕ್ಕಿಂತಲೂ ಕಡಿಮೆ ವಿದ್ಯುತ್ತು ಸಾಕೆಂದು ಅವರೂ ಸಂಗಡಿಗರೂ ತೋರಿಸಿದರು. ಇಂದು ನಗರದ ಮಾಳಿಗೆಗಳ ಮೇಲೆ ಕಾಣುವ ಸೌರ ಜಲತಾಪಕಗಳು ಈ ತತ್ತ್ವಕ್ಕೆ ನಿತ್ಯನಿದರ್ಶನ.

ವಾಯುಗುಣ ಬದಲಾವಣೆಯನ್ನು ಕುರಿತು 1988ರಲ್ಲಿ ಸ್ಥಾಪಿತವಾದ ಅಂತರಸರ್ಕಾರಿ ಸಮಿತಿಯು, ತಾಪವೃದ್ಧಿಗೆ ಮನುಷ್ಯನೇ ಕಾರಣವೆಂಬುದು ನಿಸ್ಸಂದಿಗ್ಧವೆಂದು 2021ರಲ್ಲಿ ಸಾರಿತು. ಪಾವಗಡದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವು ಎದ್ದಿತು. ಬೆಂಗಳೂರಿಗೆ 2023ರಲ್ಲಿ ಹವಾಮಾನ ಕ್ರಿಯಾ ಯೋಜನೆಯು ದೊರೆಯಿತು. ಆದರೂ ನಗರದ ವಾಹನಗಳ ಸಂಖ್ಯೆಯು ಒಂದು ಕೋಟಿಯನ್ನು ದಾಟಿದೆ. ಮೊದಲು ಕೇಳಿದ ಪ್ರಶ್ನೆಗೆ ಶಾಸ್ತ್ರವು ಕೊಡುವ ಉತ್ತರವು ಇಬ್ಬಗೆಯದು: ಉಷ್ಣತೆಯು ಒಂದು ಡಿಗ್ರಿ ಏರಿದರೆ ಗಾಳಿಯು ಶೇಕಡಾ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿಯುವುದರಿಂದ, ಮಳೆ ಸುರಿದಾಗ ರಭಸವಾಗಿ ಸುರಿಯುತ್ತದೆ, ಅದು ಭೂಮಿಯ ತಾಪದ ಫಲ. ಆ ನೀರು ಇಂಗಲು ಕೆರೆಯೂ ಹರಿಯಲು ರಾಜಕಾಲುವೆಯೂ ಇಲ್ಲದೆ ಮನೆಗೆ ನುಗ್ಗುವುದು ನಗರದ ತಪ್ಪು.

ಆದುದರಿಂದ ಈ ಶಾಸ್ತ್ರದ ಮುಂದಿನ ಅಧ್ಯಾಯವು ನಮ್ಮ ಬಡಾವಣೆಗಳಲ್ಲಿಯೇ ಬರೆಯಲ್ಪಡಬೇಕಾಗಿದೆ. ಲಿಂಗರಾಜಪುರದ ಆಸುಪಾಸಿನಲ್ಲಿ ನಾಗವಾರದ ಕಡೆಗೂ ಹೊರವರ್ತುಲ ರಸ್ತೆಯ ಉದ್ದಕ್ಕೂ ಮೆಟ್ರೋ ಮಾರ್ಗಗಳು ರೂಪುಗೊಂಡಿವೆ. ನಿಲ್ದಾಣದವರೆಗೆ ನೆರಳಿನಲ್ಲಿ ನಡೆದುಹೋಗುವ ಕಾಲುದಾರಿಯೂ, ಹೊತ್ತಿಗೆ ಸರಿಯಾಗಿ ಬರುವ ಬಸ್ಸೂ ಇಲ್ಲದಿದ್ದರೆ ಪೆಟ್ರೋಲಿನ ವ್ಯಯವು ತಗ್ಗುವುದಿಲ್ಲ. ಬಸ್ಸು, ಮರ, ರಾಜಕಾಲುವೆ ಈ ಮೂರೂ ವಿದ್ಯುತ್ ಸ್ಥಾವರದಷ್ಟೇ ಮುಖ್ಯವಾದ ಇಂಧನ ಯೋಜನೆಗಳೆಂದು ತಿಳಿದು, ಪ್ರತಿವರ್ಷ ವಾರ್ಡಿನ ಆಯವ್ಯಯದಲ್ಲಿ ಅವುಗಳಿಗೆ ಹಣವಿದೆಯೇ ಎಂದು ನಾಗರಿಕರು ತಮ್ಮ ಪ್ರತಿನಿಧಿಗಳನ್ನು ಕೇಳಬೇಕು; ಉತ್ತರ ದೊರೆಯುವ ತನಕ ಕೇಳುತ್ತಲೇ ಇರಬೇಕು.