ಗೈಡು ತೋರಿಸದ ಊರು

ಕಾಫಿ ಕುಯ್ಲಿನ ಕಾಲದ ಒಂದು ಭಾನುವಾರ ನಾವು ಏಳೆಂಟು ಜನ ಚಿಕ್ಕಮಗಳೂರಿನಲ್ಲಿ ದುಡ್ಡು ಕೊಟ್ಟು ಒಬ್ಬ ಗೈಡಿನ ಹಿಂದೆ ನಡೆದೆವು. ಮೂಡಿಗೆರೆ ಕಡೆಯ ಇಬ್ಬರು ಮೇಷ್ಟ್ರು, ನಾಲ್ಕೈದು ಜನ ಕಾಲೇಜು ಹುಡುಗರು, ಕಳಸದ ಹತ್ತಿರದ ತೋಟದ ಲೈನಿನಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದ ಒಬ್ಬ ಅಜ್ಜಿ. ನಮ್ಮ ಊರನ್ನು ಹೊರಗಿನವರಿಗೆ ಹೆಂಗೆ ತೋರಿಸ್ತಾರೆ ನೋಡೋಣ ಅಂತಲೇ ಹೋದದ್ದು.

ನಡಿಗೆ ಶುರುವಾದದ್ದು ಹಿರೇಮಗಳೂರಿನಿಂದ. ಜನಮೇಜಯ ಸರ್ಪಯಾಗ ಮಾಡಿದ ಯೂಪಸ್ತಂಭ ಇದು ಅಂದ ಗೈಡು. ಸಕ್ಕರೆಪಟ್ಟಣದ ರುಕ್ಮಾಂಗದ ಹಿರಿಮಗಳಿಗೆ ಈ ಊರನ್ನೂ ಕಿರಿಮಗಳಿಗೆ ಚಿಕ್ಕಮಗಳೂರನ್ನೂ ಬಳುವಳಿ ಕೊಟ್ಟ ಅಂದ. ಕೋದಂಡರಾಮನಿಗೆ ಇಲ್ಲಿ ಕನ್ನಡದಲ್ಲೇ ಪೂಜೆ ಅಂದ. ಅದು ನಿಜ, ನಮಗೂ ಸಂತೋಷ. ಆದರೆ ಮೈಸೂರು ಸಂಸ್ಥಾನದ ಗುಡಿಗಳಿಗೆ ನಮ್ಮವರು ಕಾಲಿಡಬಹುದು ಅಂತ ಕಾಯ್ದೆ ಆದದ್ದೇ 1948ರಲ್ಲಿ. ಕನ್ನಡ ಬಲ್ಲ ದೇವರಿಗೂ ಅಲ್ಲಿವರೆಗೆ ನಮ್ಮ ಕನ್ನಡ ಕೇಳಿಸುವ ದೂರದಲ್ಲಿ ನಾವು ಇರಲಿಲ್ಲ. ನಮ್ಮ ಹುಡುಗನೊಬ್ಬ ಸುಮ್ಮನಿರದೆ ಕೇಳಿಬಿಟ್ಟ: "ಸಾರ್, ಊರನ್ನು ಬಳುವಳಿ ಕೊಟ್ಟ ಅಂದ್ರೆ ಊರಿನ ಜೊತೆ ಯಾರ್ಯಾರನ್ನ ಕೊಟ್ಟ?" ಗೈಡು ನಕ್ಕು ಮುಂದೆ ಹೋದ.

ಅದು ನಗುವ ಪ್ರಶ್ನೆ ಅಲ್ಲ. ರುಕ್ಮಾಂಗದನದು ದಂತಕತೆ ಇರಬಹುದು; ನೆಲದ ಜೊತೆ ಮನುಷ್ಯರು ಕೈ ಬದಲಾದದ್ದು ದಂತಕತೆ ಅಲ್ಲ. ಮಲೆನಾಡಿನ ಹೊಲೆಯರಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆ ಇದ್ದದ್ದು ಬ್ರಿಟಿಷ್ ಕಾಲದ ದಾಖಲೆಗಳಲ್ಲೇ ಇದೆ. ಹುಟ್ಟಾಳು ಒಡೆಯನ ಮನೆಗೆ ಹುಟ್ಟಿನಿಂದಲೇ ಸೇರಿದವನು. ಮಣ್ಣಾಳು ಮಣ್ಣಿಗೆ ಸೇರಿದವನು; ಜಮೀನು ಯಾರ ಕೈಗೆ ಹೋದರೆ ಅವನೂ ಅವರ ಕೈಗೆ. ಈ ಎರಡು ಮಾತು ಕೇಳಿದ್ದೇ ಅಜ್ಜಿ, "ನಮ್ಮಪ್ಪನ್ನ ಹಂಗೇ ಕರೀತಿದ್ರು ಕಣಪ್ಪ" ಅಂದ್ರು. ಪುಸ್ತಕದಲ್ಲಿ ಓದಿದ್ದ ನಮಗೆ ಅದು ಇಷ್ಟು ಹತ್ತಿರದ್ದು ಅಂತ ಗೊತ್ತಿರಲಿಲ್ಲ.

ಆಮೇಲೆ ಕಾಫಿ ಮ್ಯೂಸಿಯಂ. ಬಾಬಾಬುಡನ್ ಹದಿನೇಳನೇ ಶತಮಾನದಲ್ಲಿ ಅರಬರ ನಾಡಿನಿಂದ ಏಳು ಬೀಜ ತಂದು ಗಿರಿಯಲ್ಲಿ ಬಿತ್ತಿದ ಕತೆ ನಮಗೂ ಪ್ರೀತಿಯದೇ. ಫಕೀರ ತಂದ ಬೀಜ ಅದು, ಸಾಹುಕಾರ ತಂದದ್ದಲ್ಲ. 1830-40ರ ಸುಮಾರಿಗೆ ಕ್ಯಾನನ್ ಮುಂತಾದ ಬಿಳಿಯರು ತೋಟ ಎಬ್ಬಿಸಿದರು. ಮಂಜರಾಬಾದಿನಲ್ಲಿ ತೋಟ ಮಾಡಿದ ಎಲಿಯಟ್ ಎಂಬ ದೊರೆ ಚಿನ್ನ, ಬೇಟೆ, ಕಾಫಿ ಮೂರರ ಬಗ್ಗೆಯೂ 1894ರಲ್ಲಿ ಪುಸ್ತಕ ಬರೆದ. ಅದರಲ್ಲಿ ಜಾತಿಗೇ ಒಂದು ಅಧ್ಯಾಯ ಇಟ್ಟ, ಜಾತಿಯನ್ನು ಸಮರ್ಥಿಸಿದ. ಯಾಕೆ ಸಮರ್ಥಿಸುವುದಿಲ್ಲ? ಕಾಡು ಕಡಿಯುವ ಕೈಗಳನ್ನು ಹೊಸದಾಗಿ ಬಗ್ಗಿಸುವ ಕಷ್ಟ ಅವನಿಗಿರಲಿಲ್ಲ, ಜಾತಿ ಮೊದಲೇ ಬಗ್ಗಿಸಿಟ್ಟಿತ್ತು. ಸಾಲದ್ದಕ್ಕೆ 1859ರ ಕಾಯ್ದೆ: ಮುಂಗಡ ತಗೊಂಡು ಕೆಲಸ ಬಿಟ್ಟವನಿಗೆ ಮೂರು ತಿಂಗಳವರೆಗೆ ಜೈಲು. ದಕ್ಷಿಣದ ತೋಟಗಳಲ್ಲಿ ಮೇಸ್ತ್ರಿಯ ಮುಂಗಡಕ್ಕೆ ಇದೇ ಕಾವಲು ಆಯ್ತು.

ಮ್ಯೂಸಿಯಮ್ಮಿನಲ್ಲಿ ಬೀಜದ ಜಾತಿ ಗೈಡಿಗೆ ಬಾಯಿಪಾಠ ಇತ್ತು. ಆಳಿನ ಜಾತಿ ಅವನ ಬಾಯಿಂದ ಬರಲೇ ಇಲ್ಲ. ಮರಗಸಿ ಮಾಡುವಾಗ ಮರದಿಂದ ಬಿದ್ದವರು, ಮಳೆಯಲ್ಲಿ ಗೊರಬು ಹಾಕಿಕೊಂಡು ಕಳೆ ತೆಗೆದವರು, ಕ್ಯೂರಿಂಗಿನಲ್ಲಿ ದಿನವಿಡೀ ಕೂತು ಬೀಜ ಆರಿಸಿದ ಹೆಂಗಸರು, ಇವರಿಲ್ಲದೆ ಕಾಫಿ ತಾನಾಗಿಯೇ ಲೋಟಕ್ಕೆ ನಡೆದು ಬಂದಂತೆ ಅವನ ಮಾತು ಸಾಗಿತು.

ಯೂರೋಪಿನ ಹಳೇ ಊರುಗಳಲ್ಲೂ ಇಂಥ ನಡಿಗೆಗಳಿವೆ, ಅಲ್ಲೂ ಬಹಳ ಕಾಲ ಹೀಗೇ ಇತ್ತು. ಡಚ್ಚರು 1690ರ ದಶಕದಲ್ಲಿ ನಮ್ಮ ಮಲಬಾರಿನಿಂದಲೇ ಕಾಫಿ ಗಿಡ ಜಾವಾಕ್ಕೆ ಒಯ್ದರು. ಮುಂದೆ ಸುರಿನಾಮಿನಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರಿಂದ ಕಾಫಿ, ಕಬ್ಬು ಬೆಳೆಸಿದರು. ಅಲ್ಲಿ ಗುಲಾಮಗಿರಿ ರದ್ದಾದದ್ದು 1863ರಲ್ಲಿ. ನಮ್ಮ ಕಡೂರು ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಚೆಂದದ ಮನೆಗಳ ಮುಂದೆ ಜನರನ್ನು ನಿಲ್ಲಿಸಿ, ಈ ಮನೆ ಯಾರ ಬೆನ್ನಿನ ದುಡ್ಡಲ್ಲಿ ಎದ್ದಿದೆ ಅಂತ ಹೇಳುವ ನಡಿಗೆ 2013ರಿಂದ ಶುರುವಾಯಿತು. ಶುರು ಮಾಡಿದ್ದು ಸರ್ಕಾರ ಅಲ್ಲ, ಸುರಿನಾಮಿನ ಮೂಲದ ಒಬ್ಬ ಹೆಣ್ಣುಮಗಳು. ಬ್ರಿಸ್ಟಲ್ಲಿನಲ್ಲಿ 2020ರಲ್ಲಿ ಜನ ಗುಲಾಮ ವ್ಯಾಪಾರಿ ಕೋಲ್‌ಸ್ಟನ್ನನ ಪ್ರತಿಮೆಯನ್ನು ಎಳೆದು ಬಂದರಿನ ನೀರಿಗೆ ಹಾಕಿದರು. ನಾವು ಯಾರ ಪ್ರತಿಮೆಯನ್ನೂ ಎಳೆಯಲು ಹೊರಟಿಲ್ಲ. ನಮ್ಮ ತಕರಾರು ನೆಲದ್ದು.

ಯಾಕಂದರೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ನೆಲ ಕೊಟ್ಟಿತು. ನಮ್ಮವರು ಗೇಣಿದಾರರಾಗಿದ್ದರೆ ತಾನೆ? ನಾವು ಆಳುಗಳು. ಕಾಫಿ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳಿಗಂತೂ ಭೂಮಿತಿಯಿಂದಲೇ ವಿನಾಯಿತಿ. ಉಳುವವನೇ ಹೊಲದೊಡೆಯ ಅನ್ನುವ ಘೋಷಣೆ ತೋಟದ ಗೇಟಿನ ಹೊರಗೇ ನಿಂತುಬಿಟ್ಟಿತು. 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಲೈನ್ ಮನೆ ಸಿಕ್ಕಿತು ನಿಜ, ಆದರೆ ಮನೆ ತೋಟದ್ದು. ಮೈಯಲ್ಲಿ ಕಸುವು ಇರುವವರೆಗೆ ಮಾತ್ರ ಅದು ನಮ್ಮದು. ಇತ್ತ 2022ರಲ್ಲಿ ಭೂಕಂದಾಯ ಕಾಯ್ದೆ ತಿದ್ದಿ, ಸರ್ಕಾರಿ ಜಮೀನು ಒತ್ತುವರಿ ಮಾಡಿ ತೋಟ ಮಾಡಿಕೊಂಡವರಿಗೆ ಅದನ್ನೇ 30 ವರ್ಷ ಗುತ್ತಿಗೆ ಕೊಡಲು ದಾರಿ ಮಾಡಿದರು. ಒತ್ತಿದವರಿಗೆ ಎಕರೆಗಟ್ಟಲೆ ದಾರಿ ಸಿಕ್ಕಿತು. ತಲೆಮಾರಿನಿಂದ ಗೆಯ್ದವರು ಮೂವತ್ತು-ನಲವತ್ತು ಅಡಿ ನಿವೇಶನಕ್ಕೆ ಅರ್ಜಿ ಹಿಡಿದು ನಿಂತರು.

ನಡಿಗೆ ಇಂದಿರಾ ಗಾಂಧಿ ರಸ್ತೆಗೆ ಬಂತು. 1978ರ ಉಪಚುನಾವಣೆಯ ಕತೆಯನ್ನು ಗೈಡು ಚೆನ್ನಾಗಿಯೇ ಹೇಳಿದ. ಅವತ್ತು ದೇಶವೆಲ್ಲ ಈ ಊರನ್ನು ನೋಡಿತು, ಓಟು ಕೊಟ್ಟವರು ಸಂಜೆಗೆ ಲೈನಿಗೆ ವಾಪಸ್ ಹೋದರು. ಆಜಾದ್ ಪಾರ್ಕಿನ ಹತ್ತಿರ ಅವನು ನಿಲ್ಲಲೇ ಇಲ್ಲ. "ಇಲ್ಲೇನೂ ಇಲ್ಲ, ಬರೀ ಸ್ಟ್ರೈಕ್ ಮಾಡೋ ಜಾಗ" ಅಂದ. ಅಜ್ಜಿ ಮಾತ್ರ ನಿಂತುಬಿಟ್ಟರು.

"ಇಲ್ಲಿ ಮೂರು ಸಲ ಕೂತಿದೀನಿ ಮಗಾ, ಮನೆ ಜಾಗ ಕೇಳೋಕೆ. ಒಂದ್ಸಲ ಮಳೇಲಿ. ಬಟವಾಡೆ ದಿನ ಬಿಟ್ಟು ಬಂದಿದ್ದೆ."

ಹುಡುಗ ಗಡಿಯಾರ ನೋಡಿಕೊಂಡ. ಅವನದೇನು ತಪ್ಪು, ಬಾಯಿಪಾಠ ಕೊಟ್ಟವರು ಬೇರೆ. ಅವನ ಕೈಗೆ ದುಡ್ಡು ಕೊಟ್ಟು ಕಳಿಸಿ ನಾವು ಅಲ್ಲೇ ಕೂತೆವು. ಮುಂದಿನ ನಡಿಗೆ ಆಜಾದ್ ಪಾರ್ಕಿನಿಂದ ಶುರು ಮಾಡಿ, ಕ್ಯೂರಿಂಗ್ ಕಳೆದು, ಬಸ್ಸು ಹಿಡಿದು ಕಳಸದ ಲೈನಿನಲ್ಲಿ ಮುಗಿಸೋದು ಅಂತ ಮಾತಾಯ್ತು. ಅಷ್ಟರೊಳಗೆ ಮೇಷ್ಟ್ರುಗಳು ತಮ್ಮ ತಮ್ಮ ಶಾಲೆಯ ಮಕ್ಕಳ ಕೈಲಿ ಬರೆಸಿ ತರಬೇಕು: ಅಜ್ಜ-ಅಜ್ಜಿಯ ಹೆಸರು, ಯಾವ ಊರಿಂದ ಬಂದರು, ಯಾವ ತೋಟಕ್ಕೆ, ಎಷ್ಟು ಮುಂಗಡಕ್ಕೆ. ಅಜ್ಜಿ ತಮ್ಮ ಅಪ್ಪನ ಹೆಸರನ್ನು ಅಲ್ಲೇ ಹೇಳಿದರು. ಒಬ್ಬ ಹುಡುಗ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದುಕೊಂಡ.